ವಿಕಲಚೇತನ ಮಕ್ಕಳ ಶಾಲಾಪ್ರವೇಶ ಮತ್ತು ನಮ್ಮ ಹೊಣೆ

ಶಾಲಾ ದಾಖಲಾತಿಯ ದಿನಗಳಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕೆಲವು ಮನೆಗಳಲ್ಲಿ ಒಂದು ಮಗುವಿನ ಹೆಸರು ಮಾತ್ರ ಯಾವ ಅರ್ಜಿಯಲ್ಲಿಯೂ ಇರುವುದಿಲ್ಲ. ಒಡಹುಟ್ಟಿದವರು ಪಾಟಿಚೀಲ ಹೊತ್ತು ಹೊರಟ ಮೇಲೆ ಅದು ಅಜ್ಜಿಯೊಡನೆ ಪಡಸಾಲೆಯಲ್ಲಿ ಉಳಿಯುತ್ತದೆ. ಕೇಳಿದರೆ, “ಅವಂಗ ಸಾಲಿ ಎಲ್ಲಿ ಹತ್ತತೈತ್ರಿ, ಫಾದರ್” ಎನ್ನುತ್ತಾರೆ ಹೆತ್ತವರು. “ಅಂಥ ಮಕ್ಕಳಿಗೆ ನಮ್ಮಲ್ಲಿ ವ್ಯವಸ್ಥೆಯಿಲ್ಲ” ಎನ್ನುತ್ತದೆ ಶಾಲೆ. ಮೊದಲನೆಯದು ತಿಳಿವಳಿಕೆಯ ಕೊರತೆ. ಎರಡನೆಯದನ್ನು ಈ ದೇಶದ ಕಾನೂನು ಒಪ್ಪುವುದಿಲ್ಲ.

1995ರ ಅಧಿನಿಯಮವು ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಇಪ್ಪತ್ತೊಂದನ್ನು ಗುರುತಿಸುತ್ತದೆ. ಓದುಬರಹದಲ್ಲಿ ಮಾತ್ರ ತೊಡಕು ಅನುಭವಿಸುವ, ನಾವು ‘ದಡ್ಡ’ನೆಂದು ಕರೆದು ಮೂಲೆಗೆ ಕೂರಿಸಿದ ಮಗುವೂ ಅದರಲ್ಲಿ ಸೇರಿದೆ. ಅನುದಾನಿತವಾಗಲಿ, ಕೇವಲ ಮಾನ್ಯತೆ ಪಡೆದದ್ದಾಗಲಿ, ಶಾಲೆಗಳು ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳುವಂತೆ ಸರ್ಕಾರ ಶ್ರಮಿಸತಕ್ಕದ್ದೆಂದು ಅದರ 16ನೇ ಪ್ರಕರಣ ಹೇಳುತ್ತದೆ. ‘ಶ್ರಮಿಸತಕ್ಕದ್ದು’ ಎಂಬ ಪದ ಸಡಿಲವಾದದ್ದೆಂದು ನನ್ನ ಅಭಿಪ್ರಾಯ. ಆದಾಗ್ಯೂ ಅಧಿನಿಯಮವನ್ನು ಉಲ್ಲಂಘಿಸಿದವರಿಗೆ ದಂಡವನ್ನೂ ಅದು ವಿಧಿಸಿದೆ. ವೈಕಲ್ಯ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಮಗುವಿಗೆ ಆರರಿಂದ ಹದಿನೆಂಟನೆಯ ವಯಸ್ಸಿನವರೆಗೆ ನೆರೆಯ ಶಾಲೆಯಲ್ಲಿ, ಇಲ್ಲವೆ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ.

ಇನ್ನು ನಮ್ಮವೇ ಆದ ಶಾಲೆಗಳ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. (ಅದನ್ನು ಪುನಃ ಪರಿಶೀಲಿಸಬೇಕೆಂದು 2025ರಲ್ಲಿ ಅದೇ ನ್ಯಾಯಾಲಯದ ಪೀಠವೊಂದು ಅಭಿಪ್ರಾಯಪಟ್ಟಿದೆ.) ಈ ವಿನಾಯಿತಿಯ ಮರೆಯಲ್ಲಿ ನಿಂತು ವಿಕಲಚೇತನ ಮಗುವನ್ನೂ ಹಿಂದಿರುಗಿಸಬಹುದೆಂದು ಯಾರಾದರೂ ಭಾವಿಸಿದ್ದರೆ, ಅದು ಭ್ರಮೆ. 2016ರ ಅಧಿನಿಯಮದಲ್ಲಿ ಅಲ್ಪಸಂಖ್ಯಾತರಿಗೆಂದು ಅಂಥ ವಿನಾಯಿತಿಯಿಲ್ಲ. ಸಂವಿಧಾನದ 30ನೇ ವಿಧಿ ನಮಗೆ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟದ್ದು ಸಂಖ್ಯೆಯಲ್ಲಿ ದುರ್ಬಲರಾದವರನ್ನು ಕಾಪಾಡಲೆಂದು. ಆ ಹಕ್ಕನ್ನೇ ಹಿಡಿದು ನಮಗಿಂತ ದುರ್ಬಲವಾದ ಮಗುವನ್ನು ಹೊರಗಿಡುವುದು ಧರ್ಮಕ್ಕಿರಲಿ, ತರ್ಕಕ್ಕೂ ನಿಲ್ಲದು.

ದಯೆ ತೋರುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಆದರೆ ಪ್ರತಿಯೊಬ್ಬನಿಗೂ ಅವನದನ್ನು ಅವನಿಗೆ ಸಲ್ಲಿಸುವುದೇ ನ್ಯಾಯವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಸಲ್ಲಬೇಕಾದುದನ್ನು ದಾನವೆಂದು ಕೊಡಲಾಗದು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಅಂಧ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ಅದಕ್ಕೆ ಯಾವ ಕಾನೂನೂ ಬೇಕಾಗಲಿಲ್ಲ. ಕಾನೂನು ಬೇಕಾಗಿರುವುದು ಗದುಗನ್ನು ತಲುಪಲಾಗದೆ ಹಳ್ಳಿಯಲ್ಲೇ ಉಳಿದ ಮಗುವಿಗೆ.

ಹೆತ್ತವರಿಗೆ ಒಂದೆರಡು ಮಾತು. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲವೆಂದು ಕೇಳಿದಾಗ, ಪ್ರಭು ಯೇಸು ಅವನದೂ ಅಲ್ಲ, ತಂದೆತಾಯಿಗಳದೂ ಅಲ್ಲವೆಂದರು. ಆದುದರಿಂದ ಮಗುವನ್ನು ಮರೆಮಾಚಬೇಡಿ. ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಗುರುತಿನ ಚೀಟಿಗೆ ಅರ್ಜಿ ಹಾಕಿ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ ಬಗ್ಗೆ ವಿಚಾರಿಸಿ. ಹಾಸಿಗೆ ಬಿಟ್ಟೇಳಲಾಗದ ಮಗುವಿಗೆ ಮನೆಯಲ್ಲೇ ಪಾಠ ಹೇಳಿಸುವ ಅವಕಾಶವನ್ನು 2012ರ ತಿದ್ದುಪಡಿ ಕಲ್ಪಿಸಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡಲು ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ, ಇವೆಲ್ಲ ಅಧಿನಿಯಮದಲ್ಲೇ ಹೇಳಿರುವ ಸೌಲಭ್ಯಗಳು. ಶಾಲೆ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಲು ಆ ಕಾಗದವೇ ಆಧಾರ.

ಕಲಿಸಬಲ್ಲ ವಿಶೇಷ ಶಿಕ್ಷಕರು ಸಾಲದೆಂಬುದೂ ನಿಜ. ಸಾಮಾನ್ಯ ಶಾಲೆಗಳಿಗೂ ಅವರನ್ನು ನೇಮಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲೇ ಹೇಳಿತು. ಆ ಕೊರತೆಗೆ ಉತ್ತರಿಸಬೇಕಾದವರು ಸರ್ಕಾರ ಮತ್ತು ಆಡಳಿತ ಮಂಡಳಿಗಳು, ಮಗುವಲ್ಲ.

ಪ್ರತಿ ಧರ್ಮಕೇಂದ್ರದಲ್ಲಿಯೂ ಜ್ಞಾನಸ್ನಾನದ ದಾಖಲೆ ಪುಸ್ತಕವಿದೆ. ಆರು ವರ್ಷ ತುಂಬಿದ ಮಕ್ಕಳ ಹೆಸರುಗಳನ್ನು ಅದರಿಂದ ಬರೆದುಕೊಂಡು, ಅವರಲ್ಲಿ ಶಾಲೆಗೆ ಹೋಗದವರು ಯಾರೆಂದು ಪಾಲನಾ ಪರಿಷತ್ತಿನ ಸದಸ್ಯರು ಮನೆಮನೆಗೆ ಹೋಗಿ ಕೇಳಲಿ. ದಾಖಲಾತಿ ಮುಗಿಯುವ ಮುನ್ನ ಆ ಪಟ್ಟಿ ಮುಖ್ಯೋಪಾಧ್ಯಾಯರ ಕೈಸೇರಲಿ.