ಆಗುಂಬೆಯ ಮಳೆ, ಹರಿಹರದ ನೀರು

"ಇಲ್ಲಿ ಹನಿ ಮಳೆ ಇಲ್ಲ, ಹೊಳ್ಯಾಗ ಇಷ್ಟು ನೀರು ಎಲ್ಲಿಂದ ಬಂತ್ರೀ?" ಮಳೆಗಾಲದಲ್ಲಿ ಹೊನ್ನಾಳಿ, ಹರಿಹರದ ಬಸ್ ನಿಲ್ದಾಣಗಳಲ್ಲಿ ಕೇಳಿಬರುವ ಮಾತಿದು. ಉತ್ತರ ಘಟ್ಟದ ಮೇಲಿದೆ.

ತುಂಗೆ, ಭದ್ರೆ ಇಬ್ಬರೂ ಹುಟ್ಟುವುದು ಗಂಗಾಮೂಲದಲ್ಲಿ. ಬೇರೆ ಬೇರೆ ದಾರಿ ಹಿಡಿದು ಕೂಡ್ಲಿಯಲ್ಲಿ ಒಂದಾಗುತ್ತಾರೆ. ಆದರೆ ಈ ಅಕ್ಕತಂಗಿಯರ ಕಥೆ ಒಂದೇ ಅಲ್ಲ. ಭದ್ರೆಯನ್ನು ತಡೆಯಲು ಲಕ್ಕವಳ್ಳಿಯಲ್ಲಿ 71.5 ಟಿಎಂಸಿ ಹಿಡಿಯುವ ಜಲಾಶಯವಿದೆ. ತುಂಗೆಗೆ ಗಾಜನೂರಿನಲ್ಲಿರುವುದು 3 ಟಿಎಂಸಿ ಚಿಲ್ಲರೆಯ ಅಣೆಕಟ್ಟು. ಆಗುಂಬೆ, ಶೃಂಗೇರಿ ಕಡೆ ನಾಲ್ಕು ದಿನ ಜಡಿಮಳೆ ಹಿಡಿದರೆ ಸಾಕು, ಗೇಟು ಎತ್ತಲೇಬೇಕು. ಭದ್ರೆಯ ಕಟ್ಟೆಯೂ ತುಂಬಿದ ವರ್ಷ ಎರಡು ಹೊಳೆಯ ನೀರೂ ಒಟ್ಟಿಗೇ ಬರುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ಬಡಾವಣೆಗಳಿಗೇ ನುಗ್ಗಿದ್ದಳು.

ಶಿವಮೊಗ್ಗ ದಾಟಿದ ನೀರು ಹರಿಹರ ಮುಟ್ಟಲು ಗಂಟೆಗಟ್ಟಲೆ ಬೇಕು. ತಗ್ಗಿನ ಅಂಗಡಿಯವರು ಅಕ್ಕಿ ಮೂಟೆ ಎತ್ತಿಡಲು ಸಿಗುವ ಹೊತ್ತು ಅದೇ. ಗೇಟು ಎತ್ತಿದ ಸುದ್ದಿ ಕಚೇರಿಯಿಂದ ಕಚೇರಿಗೆ ಹೋದರೆ ಸಾಲದು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಬೀದಿವರೆಗೆ ಏರುತ್ತದೆ ಅಂತ ಬಸ್ ನಿಲ್ದಾಣದಲ್ಲಿ ಬೋರ್ಡು ಬರೆಸಿ ಹಾಕಲಿ. ಬರೀ ಕ್ಯೂಸೆಕ್ಸ್ ಅಂದರೆ ಕಿರಾಣಿ ಅಂಗಡಿಯವನಿಗೆ ಏನು ತಿಳಿಯಬೇಕು?