ಕಪ್ ತೊಳೆಯೋರು ಯಾರು?

ಸಕಲೇಶಪುರದ ನಿಮ್ಮ ಹೋಮ್‌ಸ್ಟೇ ಹಾಲಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅಂತ ಆಸೆಯಾಗಿದೆಯಾ? ಹಾಗಿದ್ದರೆ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಿ. ಸೋಮವಾರದಿಂದ ಶುಕ್ರವಾರದವರೆಗೆ ಸ್ಕಿಮ್ಮರ್‌ನ ಕಪ್ ತೊಳೆಯೋರು ಯಾರು? ನೀವಂತೂ ಅಲ್ಲ. ನೀವು ವೈಟ್‌ಫೀಲ್ಡ್‌ನಲ್ಲಿ ಇರ್ತೀರಿ.

ನನ್ನೂರು ಆಲೂರಿನ ಕಡೆ. ಮೀನಿನ ಹುಚ್ಚು ಹಳೆಯದು. ಹಾಗಾಗಿ ಎಸ್ಟೇಟ್ ಮನೆಯನ್ನು ಹೋಮ್‌ಸ್ಟೇ ಮಾಡಿಕೊಂಡ ಗೆಳೆಯರೆಲ್ಲ ನನಗೇ ಫೋನ್ ಮಾಡ್ತಾರೆ. "ಗುರು, ಯಾವ ಸ್ಕಿಮ್ಮರ್ ತಗೊಳ್ಳಲಿ? ಬಜೆಟ್ ಪ್ರಾಬ್ಲಂ ಇಲ್ಲ." ಬಜೆಟ್ ಪ್ರಾಬ್ಲಂ ಇಲ್ಲ ಅನ್ನೋದೇ ಇಲ್ಲಿ ಪ್ರಾಬ್ಲಂ.

ಸ್ಕಿಮ್ಮರ್ ಮಾಡುವ ಕೆಲಸ ಹಾಸನ ಸೀಮೆಯವರಿಗೆ ಹೊಸದಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕೊಳೆ ನೊರೆಯನ್ನು ಎತ್ತಿ ಚೆಲ್ಲುತ್ತಾರಲ್ಲ, ಹೆಚ್ಚುಕಮ್ಮಿ ಅದೇ. ಇಲ್ಲಿ ಬೆಂಕಿಯ ಬದಲು ಗಾಳಿ. ಪಂಪು ನೀರಿಗೆ ಸಣ್ಣ ಗುಳ್ಳೆ ಬೆರೆಸುತ್ತದೆ. ಹಿಕ್ಕೆ ಮತ್ತು ಉಳಿದ ಆಹಾರದಿಂದ ಕರಗಿ ಬಂದ ಪ್ರೋಟೀನು, ಕೊಬ್ಬು ಗುಳ್ಳೆಯ ಮೈಗೆ ಅಂಟಿಕೊಂಡು, ನೊರೆಯಾಗಿ ಕತ್ತು ಹತ್ತಿ ಕಪ್ಪಿಗೆ ಬೀಳುತ್ತವೆ. ಕೊಳೆತು ಅಮೋನಿಯಾ ಆಗುವ ಮೊದಲೇ ಹೊರಗೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಸುಲಭಕ್ಕೆ ಒಂದಕ್ಕೊಂದು ಕೂಡಿಕೊಳ್ಳದೆ ಸಣ್ಣದಾಗೇ ಉಳಿಯುತ್ತವೆ, ಅದಕ್ಕೇ ಈ ಉಪಾಯ ನಡೆಯುತ್ತದೆ. ಗೋಲ್ಡ್‌ಫಿಶ್ ಟ್ಯಾಂಕಿಗೆ ತಂದಿಟ್ಟರೆ ಪ್ರಯೋಜನವಿಲ್ಲ.

ಈಗ ಆಯ್ಕೆ. ಡಬ್ಬದ ಮೇಲೆ "1000 ಲೀಟರ್‌ವರೆಗೆ" ಅಂತ ಬರೆದಿರುತ್ತದೆ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಒಂದು ಮಾನದಂಡವೇ ಇಲ್ಲ, ಕಂಪನಿಯವರು ತಾವೇ ಬರೆದುಕೊಂಡದ್ದು. ನೋಡಬೇಕಾದ್ದು ಟ್ಯಾಂಕಿನಲ್ಲಿ ಎಷ್ಟು ಮೀನಿದೆ, ದಿನಕ್ಕೆ ಎಷ್ಟು ಆಹಾರ ಬೀಳುತ್ತದೆ ಅನ್ನೋದನ್ನ. ಎರಡು ಕ್ಲೌನ್ ಮೀನಿರುವ 300 ಲೀಟರ್ ಟ್ಯಾಂಕಿಗೆ "ದೊಡ್ಡದೇ ಇರಲಿ ಬಿಡು" ಅಂತ ಸಾವಿರ ಲೀಟರಿನದ್ದು ತಂದರೆ ಅದಕ್ಕೆ ತಿನ್ನಲು ಕೊಳೆಯೇ ಸಾಲದು. ನೊರೆ ಕತ್ತಿನವರೆಗೆ ಬಂದು ಒಡೆದುಹೋಗುತ್ತದೆ. ಹೋಮ್‌ಸ್ಟೇಗೆ ಬಂದ ಮಕ್ಕಳೆಲ್ಲ ಮುಷ್ಟಿ ಮುಷ್ಟಿ ಆಹಾರ ಸುರಿಯುವ ಜಾಗದಲ್ಲಿ ಡಬ್ಬದ ಮೇಲಿನ ಅರ್ಧ ಲೆಕ್ಕವನ್ನೂ ನಂಬಬೇಡಿ.

ಕೊಂಡಿರಿ ಅನ್ನಿ. ಹೊಸ ಸ್ಕಿಮ್ಮರ್ ಪಳಗೋದಕ್ಕೆ ಒಂದೆರಡು ವಾರ ಬೇಕು. ಅಷ್ಟು ದಿನ ಅದು ಒಮ್ಮೆ ಉಕ್ಕುತ್ತದೆ, ಒಮ್ಮೆ ಸುಮ್ಮನಾಗುತ್ತದೆ. ಸಂಪ್‌ನಲ್ಲಿ (ಮನೆ ಮುಂದಿನ ನೆಲದ ಟ್ಯಾಂಕಲ್ಲ, ಅಕ್ವೇರಿಯಂ ಕೆಳಗಿನ ಗಾಜಿನ ತೊಟ್ಟಿ) ಸ್ಕಿಮ್ಮರ್ ನಿಂತ ಭಾಗದ ನೀರಿನ ಮಟ್ಟ ಏರಿಳಿಯಬಾರದು. ಮಟ್ಟ ಎಷ್ಟು ಅಂತ ಅದರ ಕೈಪಿಡಿಯಲ್ಲೇ ಇರುತ್ತದೆ. ಗುಳ್ಳೆ ನೀರು ಹೋಗಿ ಗಟ್ಟಿ ನೊರೆ ಶುರುವಾಗುವ ಗೆರೆ ಕತ್ತಿನ ಬುಡದಲ್ಲಿ ನಿಲ್ಲಲಿ. ವಾಲ್ವನ್ನು ಒಂದು ಕೂದಲೆಳೆಯಷ್ಟು ತಿರುಗಿಸಿ, ಒಂದು ದಿನ ಕಾಯಿರಿ. ಕಪ್ಪಿನಲ್ಲಿ ತಿಳಿ ಚಹಾದಂಥ ನೀರು ತುಂಬುತ್ತಿದ್ದರೆ ಒದ್ದೆ ಜಾಸ್ತಿಯಾಯ್ತು, ಸ್ವಲ್ಪ ಇಳಿಸಿ. ಡಿಕಾಕ್ಷನ್ ಬಣ್ಣ ಬಂದರೆ ಮುಟ್ಟಬೇಡಿ.

ವಾರಾಂತ್ಯದ ಯಜಮಾನರಿಗೆ ಆಗದೇ ಇರೋದು ಇದೇ, ಮುಟ್ಟದೇ ಇರೋದು. ನಾನು ಕಂಡ ಒಂದು ಹೋಮ್‌ಸ್ಟೇಯಲ್ಲಿ ಯಜಮಾನರು ಪ್ರತಿ ಶನಿವಾರ ಬಂದವರೇ ವಾಲ್ವ್ ತಿರುಗಿಸೋರು. ಭಾನುವಾರ ಸಂಜೆ ಕಾರು ಹತ್ತೋರು. ಮಂಗಳವಾರ ಕಪ್ ಉಕ್ಕಿ ಮರದ ಕಪಾಟೆಲ್ಲ ನೆನೆಯಿತು. ಮನೆ ನೋಡಿಕೊಳ್ಳುವ ಅಕ್ಕ ಹೆದರಿ ಸ್ವಿಚ್ ಆಫ್ ಮಾಡಿದರು. ನೀರು ಸೋರುವ ಕಡೆ ಕರೆಂಟ್ ಇದ್ದರೆ ಯಾರಾದರೂ ಅದನ್ನೇ ಮಾಡ್ತಾರೆ. ಗುರುವಾರ ಬೆಳಿಗ್ಗೆ ಮೀನು ಸತ್ತಿದ್ದವು. "ನಮ್ ಕೆಲಸದವಳು ಆಫ್ ಮಾಡಿಬಿಟ್ಲು ಗುರು" ಅಂತ ಫೋನ್ ಬಂತು. ಆಕೆಗೆ ಯಾರೂ ಆ ಯಂತ್ರ ಯಾಕಿದೆ ಅಂತ ಒಂದು ಮಾತು ಹೇಳಿರಲಿಲ್ಲ. ವಾರವೆಲ್ಲ ಬಿದ್ದ ಆಹಾರದ ಲೆಕ್ಕವನ್ನೂ ಯಾರೂ ಕೇಳಲಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ. ಒಂದು ಮರ ಬಿದ್ದರೆ ಮುಗೀತು. ಪಂಪ್ ನಿಂತಾಗ ಮೇಲಿನ ಟ್ಯಾಂಕಿನ ನೀರು ಸಂಪ್‌ಗೆ ಇಳಿದು ಮಟ್ಟ ಏರುತ್ತದೆ. ಕರೆಂಟ್ ಬಂದ ಕೂಡಲೇ ಸ್ಕಿಮ್ಮರ್ ಆ ಆಳದಲ್ಲೇ ಓಡಲು ಹೋಗಿ ಕಪ್ ತುಂಬಿಸಿ ಚೆಲ್ಲುತ್ತದೆ. ಅದು ಸ್ವಲ್ಪ ತಡವಾಗಿ ಆನ್ ಆಗುವ ಹಾಗೆ ಟೈಮರ್ ಹಾಕಿಸಿ. ಇನ್ವರ್ಟರಿನ ಬ್ಯಾಟರಿಯನ್ನು ಮೊದಲು ನೀರು ಕಲಕುವ ಪಂಪಿಗೆ ಕೊಡಿ, ಸ್ಕಿಮ್ಮರ್ ಕಾಯಲಿ. ಮೀನಿಗೆ ಆಗ ಬೇಕಾದ್ದು ಉಸಿರು.

ಇನ್ನೊಂದು ಮಾತು ಬೆಂಗಳೂರಿನ ಅಂಗಡಿಯವರು ಹೇಳಲಾರರು. ಮುಚ್ಚಿದ ಮನೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ನೀರಿನ ಪಿಎಚ್ ಇಳಿಯುತ್ತದೆ ಅಂತ ಸ್ಕಿಮ್ಮರ್‌ನ ಗಾಳಿ ಕೊಳವೆಯನ್ನು ಕಿಟಕಿಯಾಚೆ ಬಿಡುತ್ತಾರೆ. ಒಳ್ಳೆಯದೇ. ಆದರೆ ಕಿಟಕಿಯಾಚೆ ಕಾಫಿ ತೋಟವಿದ್ದರೆ? ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ, ಮೈಲುತುತ್ತ ಅಂದರೆ ತಾಮ್ರ. ಸಿಗಡಿ, ಶಂಖದ ಹುಳುಗಳಿಗೆ ತಾಮ್ರ ವಿಷ. ಸ್ಪ್ರೇ ಹೊಡೆಯುವ ದಿನ ಕೊಳವೆ ಒಳಗೆಳೆಯಬೇಕು. ಆ ದಿನ ಯಾವುದು ಅಂತ ರೈಟರಿಗೆ ಗೊತ್ತು, ಅಕ್ಕನಿಗೆ ಗೊತ್ತು. ನಿಮಗೆ ಗೊತ್ತಾ?

ಆಮೇಲೆ ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ. ವಾರಕ್ಕೆ 30 ಲೀಟರ್ ಬದಲಾಯಿಸಿದರೆ ಒಂದು ಕೆಜಿ ಉಪ್ಪು ಹೊರಗೆ ಬರುತ್ತದೆ. ಎಲ್ಲಿಗೆ? ಕಾಫಿ ಗಿಡದ ಬುಡಕ್ಕೋ, ಹೇಮಾವತಿ ಸೇರುವ ಹಳ್ಳಕ್ಕೋ? ಇದನ್ನು ಕೇಳಿದಾಗೆಲ್ಲ ಗೆಳೆಯರು ಮಾತು ಬದಲಿಸುತ್ತಾರೆ.

ಹವಳದ ಆಸೆಯಂತೂ ಬಿಟ್ಟುಬಿಡಿ, 1972ರ ವನ್ಯಜೀವಿ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿ ಅದಿದೆ. ಕ್ಲೌನ್ ಮೀನು ಬೇಕೇಬೇಕು ಅಂದರೆ ಸಾಕಣೆಯಲ್ಲಿ ಹುಟ್ಟಿದ್ದನ್ನೇ ಕೇಳಿ ತನ್ನಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅದನ್ನು ಮರಿ ಮಾಡಿಸುವ ವಿಧಾನ ಕಂಡುಕೊಂಡು ಎಷ್ಟೋ ವರ್ಷವಾಯ್ತು.

ಅಷ್ಟಾದರೂ ಇಡ್ತೀನಿ ಅನ್ನೋರು ಸ್ಕಿಮ್ಮರ್ ಕೊಳ್ಳೋಕೆ ಹೋಗುವಾಗ ಆ ಅಕ್ಕನನ್ನೂ ಕರಕೊಂಡು ಹೋಗಿ. ಕಪ್ ಬಿಚ್ಚಿ ಹಾಕೋದು ಅವರ ಕೈಗೆ ಸುಲಭವಾ ನೋಡಿ. ಸೋಪು ಮುಟ್ಟಿಸಬಾರದು, ಕೊಬ್ಬರಿ ಎಣ್ಣೆ ಕೈ ಅದ್ದಿದರೆ ನೊರೆ ಸತ್ತುಹೋಗುತ್ತದೆ, ವಾರಕ್ಕೆರಡು ಸಲ ಕತ್ತಿನ ಒಳಮೈ ಒರೆಸಬೇಕು, ಇವನ್ನೆಲ್ಲ ಅವರ ಎದುರಿಗೇ ಅಂಗಡಿಯವನಿಂದ ಹೇಳಿಸಿ. ವಾಲ್ವ್ ತಿರುಗಿಸುವ ಅಧಿಕಾರ ಅವರಿಗೊಬ್ಬರಿಗೇ ಇರಲಿ. ಇದಕ್ಕಂತ ತಿಂಗಳಿಗೆ ಬೇರೆ ದುಡ್ಡು ಕೊಡಿ, ಸಂಬಳದಲ್ಲೇ ಸೇರಿದೆ ಅನ್ನಬೇಡಿ.