ಟಿ.ಸಿ. ಕಪಾಟು ಸೇರದಿರಲಿ
ಏಪ್ರಿಲ್‌ನಲ್ಲಿ ಹಿರಿಯ ಪ್ರಾಥಮಿಕ ಶಾಲೆಗಳ ಫಲಿತಾಂಶ. ಏಳನೆಯ ತರಗತಿ ಪಾಸಾದ ಹುಡುಗಿ ಟಿ.ಸಿ. ಹಿಡಿದು ಸಂತಸದಿಂದ ಮನೆಗೆ ಬರುತ್ತಾಳೆ. ಪ್ರೌಢಶಾಲೆ ದೂರ, ತಾಯಿಗೆ ಮನೆಗೆಲಸದಲ್ಲಿ ಆಸರೆ ಬೇಕು ಎಂಬ ಕಾರಣಗಳಿಂದ ಎಷ್ಟೋ ಮನೆಗಳಲ್ಲಿ ಆ ಟಿ.ಸಿ. ಕಪಾಟು ಸೇರುತ್ತದೆ. ಓದು ಅಲ್ಲಿಗೇ ನಿಲ್ಲುತ್ತದೆ.

ಸಹೋದರಿಯರೇ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೆಯ ತರಗತಿಯವರೆಗಿನ ಓದು ಮಗುವಿನ ಹಕ್ಕು. ಏಳನೆಯ ತರಗತಿಗೇ ಮುಗಿಯುವ ಶಾಲೆಯಿಂದ ಬಂದವಳಿಗೆ ಟಿ.ಸಿ. ತಡವಾಯಿತೆಂದು ಸರಕಾರಿ, ಅನುದಾನಿತ ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲ.

ಪ್ರವಾದಿವರ್ಯರಿಗೆ(ಸ) ಅವತೀರ್ಣವಾದ ಪ್ರಥಮ ವಾಣಿಯೇ ಓದುವ ಆಜ್ಞೆ. ಅದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ದಾರಿ ದೂರವೆಂದಾದರೆ ನೆರೆಮನೆಯ ಹುಡುಗಿಯರ ಜೊತೆ ಮಾಡಿ ಕಳುಹಿಸಿ. ಕೆಲಸವನ್ನು ಮನೆಯವರೆಲ್ಲ ಹಂಚಿಕೊಳ್ಳಿ. ಬೇಸಿಗೆ ರಜೆ ಮುಗಿಯುವ ಮುನ್ನವೇ ಅವಳ ಹೆಸರು ಎಂಟನೆಯ ತರಗತಿಯ ಹಾಜರಿ ಪುಸ್ತಕ ಸೇರಲಿ.